ಪುಣೆಗೆ ಹೊರಟಿದ್ದೇವೆ, ಊರಿನ ರೇಷನ್ ಕಾರ್ಡ್ ರದ್ದು ಮಾಡಿಸಬೇಕಾ?

ಭೀಮಾತೀರ

ಎಲ್ಲರಿಗೂ ನಮಸ್ಕಾರ. ನಮ್ಮದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ನಮ್ಮ ಮನೆಯವರು ಗೌಂಡಿ ಕೆಲಸ ಮಾಡುತ್ತಾರೆ. ಇಷ್ಟು ವರ್ಷ ಒಬ್ಬರೇ ಪುಣೆಗೆ ಹೋಗಿ ಬರುತ್ತಿದ್ದರು. ಈ ಸಲ ಎರಡು ವರ್ಷ ನಡೆಯುವ ಕೆಲಸ ಸಿಕ್ಕಿದೆ. ಸೈಟಿನ ಹತ್ತಿರವೇ ಒಂದು ಖೋಲಿ ನೋಡಿದ್ದಾರೆ. ನಾನು, ನಾಲ್ಕು ವರ್ಷದ ಮಗ, ಹತ್ತು ತಿಂಗಳ ಮಗಳು ಅವರ ಜೊತೆ ಹೊರಟಿದ್ದೇವೆ. ಅತ್ತೆ ಮಾತ್ರ ಊರಲ್ಲೇ ಇರುತ್ತಾರೆ. ಎಮ್ಮೆ ಬಿಟ್ಟು ಬರಲ್ಲ ಅಂತ ಒಂದೇ ಹಟ.

ನಮ್ಮದು ಬಿಪಿಎಲ್ ಕಾರ್ಡ್. ಅತ್ತೆಯೇ ಯಜಮಾನಿ. ಅತ್ತೆ, ಮನೆಯವರು, ನಾನು, ಮಗ, ಹೀಗೆ ನಾಲ್ಕು ಹೆಸರಿವೆ. ಮಗಳ ಹೆಸರು ಇನ್ನೂ ಸೇರಿಸಿಲ್ಲ. ಈಗ ಪಕ್ಕದ ಮನೆಯವರು ಹೇಳುತ್ತಾರೆ, ಇಲ್ಲಿ ಹೆಸರು ತೆಗೆಸಿ, ಒಂದು ಪತ್ರ ತಗೊಂಡು ಹೋಗಿ, ಇಲ್ಲದಿದ್ದರೆ ಅಲ್ಲಿ ಒಂದು ಕಾಳೂ ಸಿಗಲ್ಲ ಅಂತ. ಮನೆಯವರ ಜೊತೆ ಕೆಲಸ ಮಾಡುವವರು ಏನೂ ಮುಟ್ಟಬೇಡಿ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಇನ್ನೊಂದು ವಿಷಯ. ಅಂಗನವಾಡಿಯಿಂದ ಮಗಳಿಗೆ ಪುಷ್ಟಿ ಪೊಟ್ಟಣ ಬರುತ್ತದೆ. ಮಗನಿಗೆ ಅಲ್ಲೇ ಊಟ, ಹಾಲು, ಮೊಟ್ಟೆ. ಪುಣೆಯಲ್ಲಿ ಇದೆಲ್ಲ ಮೊದಲಿಂದ ಶುರು ಮಾಡಬೇಕಾ? ಹೊರಡಲು ಇನ್ನು ಹದಿನೆಂಟು ದಿನ ಇದೆ.

ವಾಸ್ಕೋದಲ್ಲಿರುವವ

ತಂಗಿ, ದಯವಿಟ್ಟು ರದ್ದು ಮಾಡಿಸಬೇಡ. ನಾನು ಮಾಡಿಸಿ ಕೆಟ್ಟಿದ್ದೇನೆ.

ನಮ್ಮದು ವಿಜಯಪುರ ಕಡೆ. ಗೋವಾಕ್ಕೆ ಬರುವಾಗ ಯಾರೋ ತಿಳಿದವರು ಅಂತ ಅನಿಸಿಕೊಂಡವರು ಹೇಳಿದರು, ಎರಡು ಕಡೆ ಇದ್ದರೆ ಕೇಸ್ ಆಗುತ್ತದೆ ಅಂತ. ಹೆದರಿ ಕಾರ್ಡನ್ನೇ ವಾಪಸ್ ಕೊಟ್ಟೆ. ಇಲ್ಲಿ ಹೊಸದಕ್ಕೆ ಅರ್ಜಿ ಹಾಕಿದರೆ ಬಾಡಿಗೆ ಕರಾರು ತನ್ನಿ, ವಾಸದ ದಾಖಲೆ ತನ್ನಿ ಅಂದರು. ಮನೆ ಮಾಲೀಕ ಕರಾರು ಬರೆದುಕೊಡಲು ಒಪ್ಪಲಿಲ್ಲ. ಹದಿನಾಲ್ಕು ತಿಂಗಳು ಅಂಗಡಿಯಿಂದ ಅಕ್ಕಿ ಕೊಂಡು ತಿಂದೆವು. ಕೊನೆಗೆ ಊರಿಗೆ ಹೋಗಿ ನನ್ನ ಅಣ್ಣನ ಕಾರ್ಡಿಗೆ ಹೆಸರು ಸೇರಿಸಿಕೊಂಡು ಬಂದಿದ್ದಾಯಿತು. ಈಗ ಅದೇ ಕಾರ್ಡಿನ ಮೇಲೆ ಇಲ್ಲೇ ತಂಬ್ ಕೊಟ್ಟು ತಗೊಳ್ಳುತ್ತಿದ್ದೇನೆ. ಮೊದಲೇ ಗೊತ್ತಿದ್ದರೆ ಇಷ್ಟು ಒದ್ದಾಟ ಇರಲಿಲ್ಲ.

ಹಳೇ ತಕ್ಕಡಿ

ನಾನು ಇಪ್ಪತ್ತೆರಡು ವರ್ಷ ನ್ಯಾಯಬೆಲೆ ಅಂಗಡಿ ನಡೆಸಿದವನು. ಈಗ ಮಗ ನೋಡಿಕೊಳ್ಳುತ್ತಾನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಒಂದು ದೇಶ ಒಂದು ಪಡಿತರ ಚೀಟಿ ಅಂತ ಇದೆಯಲ್ಲ, ಅದು ಶುರುವಾಗಿದ್ದು 2019ರ ಆಗಸ್ಟ್‌ನಲ್ಲಿ. ಆಂಧ್ರ ತೆಲಂಗಾಣ ಒಂದು ಜೋಡಿ, ಗುಜರಾತ್ ಮಹಾರಾಷ್ಟ್ರ ಇನ್ನೊಂದು ಜೋಡಿ. ನಮ್ಮ ರಾಜ್ಯ ಸೇರಿದ್ದು 2020ರ ಜನವರಿಯಲ್ಲಿ. ಆಮೇಲೆ ಲಾಕ್‌ಡೌನ್ ಬಂತು, ಜನ ನಡೆದುಕೊಂಡು ಊರಿಗೆ ಹೋದರು, ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ಉಳಿದ ರಾಜ್ಯಗಳಿಗೂ ಜುಲೈ ಕೊನೆಯೊಳಗೆ ಸೇರಲೇಬೇಕು ಅಂತ ಹೇಳಿತು. ಕೊನೆಗೆ ಸೇರಿದ್ದು ಅಸ್ಸಾಂ, 2022ರ ಜೂನ್‌ನಲ್ಲಿ. ಹಾಗಾಗಿ ಈಗ ದೇಶದ ಯಾವ ಮೂಲೆಯಲ್ಲಾದರೂ ಸರಿ.

ಇದಕ್ಕೆ ಅರ್ಜಿ ಇಲ್ಲ, ಪತ್ರ ಇಲ್ಲ, ವರ್ಗಾವಣೆ ಅನ್ನೋದೂ ಇಲ್ಲ. ಪುಣೆಯ ಯಾವುದೇ ರೇಷನ್ ಅಂಗಡಿಗೆ ಹೋಗಿ. ಕಾರ್ಡ್ ನಂಬರ್ ಇಲ್ಲವೇ ಆಧಾರ್ ನಂಬರ್ ಹೇಳಿ. ಕಾರ್ಡಿನಲ್ಲಿ ಹೆಸರಿದ್ದು ಆಧಾರ್ ಜೋಡಣೆಯಾದ ಯಾರಾದರೂ ಒಬ್ಬರು ಮಷಿನ್ ಮೇಲೆ ಬೆರಳಿಡಿ. ಅಷ್ಟೇ. ಮಷಿನ್ ಕರ್ನಾಟಕದ ಲೆಕ್ಕ ತೆಗೆದು ತೋರಿಸುತ್ತದೆ.

ಸಿಗೋದು ಎಷ್ಟು ಅಂದರೆ, ನಿಮ್ಮದು ಆದ್ಯತಾ ಕುಟುಂಬದ ಕಾರ್ಡ್, ಅಂದರೆ ನಾವು ಬಿಪಿಎಲ್ ಅನ್ನೋದು, ಆದರೆ ತಲೆಗೆ 5 ಕೆಜಿ. ಅಂತ್ಯೋದಯ ಆದರೆ ಮನೆಗೆ 35 ಕೆಜಿ. ದುಡ್ಡು ಕೊಡಬೇಕಾಗಿಲ್ಲ. ಮೊದಲು ಅಕ್ಕಿಗೆ ಕೆಜಿಗೆ 3 ರೂಪಾಯಿ, ಗೋಧಿಗೆ 2 ರೂಪಾಯಿ ಇತ್ತು. 2023ರ ಜನವರಿಯಿಂದ ಪೂರ್ತಿ ಉಚಿತ. 2024ರ ಜನವರಿಯಿಂದ ಇನ್ನೂ ಐದು ವರ್ಷ ಅದನ್ನು ಮುಂದುವರಿಸಿದ್ದಾರೆ. ಯಾರಾದರೂ ಹಣ ಕೇಳಿದರೆ ರಸೀದಿ ಕೊಡಿ ಅನ್ನಿ, ಬಾಯಿ ಮುಚ್ಚುತ್ತದೆ.

ಇಲ್ಲಿ ಜನ ಮೋಸ ಹೋಗುವ ಜಾಗ ಒಂದಿದೆ. ಹೊರಗೆ ನಡೆಯೋದು ಕೇಂದ್ರದ ಪಾಲು ಮಾತ್ರ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಬರುವ ಪಾಲು ಅದು. ನಮ್ಮ ರಾಜ್ಯ ಅನ್ನಭಾಗ್ಯದಲ್ಲಿ ಮೇಲೆ ಸೇರಿಸಿ ಕೊಡುವುದು ಮಹಾರಾಷ್ಟ್ರದ ಮಷಿನ್‌ನಲ್ಲಿ ಬರಲ್ಲ. ಅದೇ ರೀತಿ ಎಪಿಎಲ್ ಕಾರ್ಡ್ ಇರುವವರಿಗೂ ಹೊರಗೆ ಏನೂ ಇಲ್ಲ. ಕೇಂದ್ರದ ಪಟ್ಟಿಯಲ್ಲಿ ಹೆಸರಿಲ್ಲದೆ ರಾಜ್ಯ ತನ್ನ ಖರ್ಚಿನಲ್ಲೇ ಕೊಟ್ಟ ಕಾರ್ಡಿಗೂ ಇಲ್ಲ. ಆದ್ದರಿಂದ ಹೊರಡುವ ಮೊದಲು ಮೇರಾ ರೇಷನ್ ಆಪ್‌ನಲ್ಲಿ ಕಾರ್ಡ್ ನಂಬರ್ ಹಾಕಿ ನೋಡಿಕೊಳ್ಳಿ.

ಸುಮ್ನೆ ಕೇಳ್ತೀನಿ

ಯಜಮಾನ್ರೇ, ಇದೆಲ್ಲ ಟಿವಿ ಜಾಹೀರಾತಿನಲ್ಲಿ ಚೆನ್ನಾಗಿರುತ್ತದೆ. ನನ್ನ ತಮ್ಮ ಮುಂಬೈಯಲ್ಲಿ ಮೂರು ಅಂಗಡಿ ಸುತ್ತಿದ. ಒಬ್ಬ ಸರ್ವರ್ ಇಲ್ಲ ಅಂದ. ಒಬ್ಬ ಸ್ಟಾಕ್ ಇಲ್ಲ ಅಂದ. ಇನ್ನೊಬ್ಬ ಕರ್ನಾಟಕದ ಕಾರ್ಡಾ, ಕರ್ನಾಟಕಕ್ಕೆ ಹೋಗು ಅಂದ. ಒಂದು ದಿನದ ಕೂಲಿ ಹೋಯಿತು. ಹತ್ತು ಕೆಜಿ ಗೋಧಿಗೆ ಒಂದು ದಿನದ ಕೂಲಿ ಕಳೆದುಕೊಳ್ಳೋದು ಯಾವ ಲೆಕ್ಕ?

ಹಳೇ ತಕ್ಕಡಿ

ನಿಮ್ಮ ಮಾತು ಸುಳ್ಳಲ್ಲ. ಅಂಗಡಿಯವನ ಕಡೆಯಿಂದಲೂ ಒಂದು ಮಾತು ಹೇಳುತ್ತೇನೆ, ಅವನ ಪರ ವಹಿಸಿಕೊಂಡು ಅಲ್ಲ.

ನನ್ನ ಅಂಗಡಿಗೆ ಧಾನ್ಯ ಬರುತ್ತಿದ್ದದ್ದು ನನ್ನ ಕಾರ್ಡುಗಳ ಲೆಕ್ಕದಲ್ಲಿ. ಹೊರಗಿನವರು ನಾಲ್ಕು ಮನೆ ಬಂದರೆ ತೊಂದರೆ ಇಲ್ಲ. ನಲವತ್ತು ಮನೆ ಬಂದರೆ ತಿಂಗಳ ಕೊನೆಗೆ ನನ್ನ ಊರಿನವರಿಗೇ ಕಡಿಮೆ ಬೀಳುತ್ತದೆ, ಅವರು ನನ್ನ ಮನೆ ಬಾಗಿಲಿಗೆ ಬರುತ್ತಾರೆ. ಕೊಟ್ಟದ್ದರ ಲೆಕ್ಕ ಮಷಿನ್‌ನಲ್ಲಿ ಇರುತ್ತದೆ, ಆಮೇಲೆ ಸ್ಟಾಕ್ ತುಂಬಿಕೊಡುತ್ತಾರೆ, ಕಮಿಷನ್ನೂ ಬರುತ್ತದೆ. ಆದರೆ ಆ ಹೊತ್ತಿಗೆ ಅವನ ತಲೆಯಲ್ಲಿ ಓಡೋದು ಭಯ. ಅದಕ್ಕೇ ಇಲ್ಲ ಅನ್ನೋದು ಸುಲಭ.

ಹಾಗಾಗಿ ತಿಂಗಳ ಮೊದಲ ವಾರದಲ್ಲೇ ಹೋಗಿ, ಧಾನ್ಯ ಇಳಿದ ಎರಡು ಮೂರು ದಿನದಲ್ಲಿ. ಪ್ರತಿ ತಿಂಗಳು ಒಂದೇ ಅಂಗಡಿಗೆ ಹೋಗಿ. ಮೂರನೇ ತಿಂಗಳಿಗೆ ಅವನೇ ನಿಮ್ಮನ್ನು ಗುರುತು ಹಿಡಿಯುತ್ತಾನೆ.

ಕೊಳ್ಳೇಗಾಲದಿಂದ ತಿರುಪ್ಪೂರಿಗೆ

ನಾನು ಐದು ವರ್ಷದಿಂದ ತಮಿಳುನಾಡಿನಲ್ಲಿ ಬನಿಯನ್ ಕಂಪನಿ ಕೆಲಸದಲ್ಲಿದ್ದೇನೆ. ನನ್ನ ಅನುಭವ ಹೇಳುತ್ತೇನೆ.

ಮೊದಲ ಸಲ ನನಗೂ ಇಲ್ಲ ಅಂದರು. ನಾನು ಅಲ್ಲೇ ನಿಂತುಕೊಂಡು 14445ಕ್ಕೆ ಫೋನ್ ಮಾಡಿದೆ. ಬೇರೆ ರಾಜ್ಯದಲ್ಲಿ ರೇಷನ್ ತಗೊಳ್ಳೋರಿಗೆ ಅಂತಲೇ ಇಟ್ಟಿರುವ ನಂಬರ್ ಅದು, ದುಡ್ಡು ಕತ್ತರಿಸಲ್ಲ. ಫೋನ್ ಎತ್ತಿದ್ದು ಬಹಳ ಹೊತ್ತಾದ ಮೇಲೆ. ನಿಜ ಹೇಳಬೇಕೆಂದರೆ ಅವರು ಎತ್ತುವ ಮೊದಲೇ ಅಂಗಡಿಯವರು ಮಷಿನ್ ತಿರುಗಿಸಿ ನಂಬರ್ ಹೇಳಿ ಅಂದರು! ರಾಜ್ಯದ ಆಹಾರ ಇಲಾಖೆಯ ದೂರಿಗೆ 1967 ಇದೆ.

ಜಗಳ ಮಾಡಬೇಡಿ. ಅವರ ಭಾಷೆಯಲ್ಲಿ ಎರಡು ಮಾತು ಕಲಿತುಕೊಳ್ಳಿ. ಪುಣೆಯಲ್ಲಿ "ಕರ್ನಾಟಕಚಂ ರೇಷನ್ ಕಾರ್ಡ್ ಆಹೇ, ಪೋರ್ಟೇಬಿಲಿಟೀ ಕರಾ" ಅಂದರೆ ಸಾಕು. ಆ ಪೋರ್ಟೇಬಿಲಿಟಿ ಅನ್ನೋ ಪದ ಕೇಳಿದರೆ ಇವರಿಗೆ ವಿಷಯ ಗೊತ್ತಿದೆ ಅಂತ ತಿಳಿಯುತ್ತಾರೆ.

ಭೀಮಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಪ್‌ನಲ್ಲಿ ನೋಡಿದೆವು, ನಮ್ಮದು ಆದ್ಯತಾ ಕಾರ್ಡೇ. ಈಗ ಬೇರೆ ಚಿಂತೆ ಶುರುವಾಗಿದೆ.

ನಾವು ಪುಣೆಯಲ್ಲಿ ತಂಬ್ ಕೊಟ್ಟರೆ ಊರಲ್ಲಿ ಅತ್ತೆಗೆ ಏನು ಉಳಿಯುತ್ತದೆ? ಅವರು ರಾತ್ರಿಯೆಲ್ಲ ಅದನ್ನೇ ಕೇಳುತ್ತಿದ್ದಾರೆ. ಗೃಹಲಕ್ಷ್ಮಿ ಹಣವೂ ಅವರ ಖಾತೆಗೆ ಬರುತ್ತದೆ, ಅದು ನಿಂತು ಹೋಗುತ್ತಾ? ಅಲ್ಲಿ ಜೋಳ ಕೊಡುತ್ತಾರಾ? ನಮ್ಮವರಿಗೆ ರೊಟ್ಟಿ ಇಲ್ಲದೆ ಆಗಲ್ಲ.

ಹಳೇ ತಕ್ಕಡಿ

ಜೋಳದ ಆಸೆ ಬಿಡಿ ತಾಯಿ. ಅಂಗಡಿಯಲ್ಲಿ ಆ ರಾಜ್ಯ ಏನು ತುಂಬಿರುತ್ತದೋ ಅದೇ. ಮಹಾರಾಷ್ಟ್ರದಲ್ಲಿ ಹೆಚ್ಚಾಗಿ ಗೋಧಿ, ಅಕ್ಕಿ.

ಅತ್ತೆಯ ಪಾಲಿನ ವಿಷಯ ಸರಿಯಾಗಿ ಕೇಳಿಸಿಕೊಳ್ಳಿ. ಇದು ಗೊತ್ತಿಲ್ಲದೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನು ನೋಡಿದ್ದೇನೆ. ನಾಲ್ಕು ಹೆಸರು, ತಲೆಗೆ 5 ಕೆಜಿ, ಒಟ್ಟು 20 ಕೆಜಿ. ಆ 20 ಕೆಜಿ ಕಾರ್ಡಿನದ್ದು. ಮಷಿನ್‌ಗೆ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗಲ್ಲ, ಈ ತಿಂಗಳು ಕಾರ್ಡಿನಲ್ಲಿ ಬಾಕಿ ಎಷ್ಟಿದೆ ಅಂತ ಮಾತ್ರ ಗೊತ್ತು. ಪುಣೆಯಲ್ಲಿ ಮೊದಲು ಹೋಗಿ 20ನ್ನೂ ಎತ್ತಿದರೆ ಅತ್ತೆಗೆ ಸೊನ್ನೆ. ಅತ್ತೆ ಊರಲ್ಲಿ ಮೊದಲು ಎತ್ತಿದರೆ ನಿಮಗೆ ಸೊನ್ನೆ. ಭಾಗ ಮಾಡಿ ತಗೊಳ್ಳೋಕೆ ಅವಕಾಶ ಇದೆ. 15 ಕೆಜಿ ಸಾಕು ಅಂತ ಅಂಗಡಿಯವರಿಗೆ ಮೊದಲೇ ಹೇಳಿ, ಬೆರಳಿಡುವ ಮುಂಚೆ. ರಸೀದಿ ನೋಡಿ. ಉಳಿದ 5 ಊರಿನಲ್ಲಿ ಅತ್ತೆಗೆ ಸಿಗುತ್ತದೆ.

ಅತ್ತೆಗೂ ಹೇಳಿಡಿ. ಊರಿನ ಅಂಗಡಿಯವನು ಇವರದ್ದೆಲ್ಲ ಇಲ್ಲೇ ತಗೊಂಡುಬಿಡಿ ಅಂತ ಪೂರ್ತಿ ಹೊಡೆದುಬಿಡಬಹುದು. ಕೆಟ್ಟ ಉದ್ದೇಶಕ್ಕೇ ಅಂತಲ್ಲ, ಅಭ್ಯಾಸ.

ಗೃಹಲಕ್ಷ್ಮಿ 2,000 ರೂಪಾಯಿ ಹೋಗೋದು ಕಾರ್ಡಿನ ಯಜಮಾನಿಗೆ. ಕಾರ್ಡ್ ಇರುವವರೆಗೆ, ಅತ್ತೆ ಯಜಮಾನಿ ಆಗಿರುವವರೆಗೆ, ನೀವು ಪುಣೆಯಲ್ಲಿ ಅಕ್ಕಿ ಎತ್ತಿದ್ದಕ್ಕೆ ಅದು ನಿಲ್ಲಲ್ಲ. ಕಾರ್ಡನ್ನೇ ರದ್ದು ಮಾಡಿದರೆ ಅದೂ ಹೋಯಿತು. ನಿಮ್ಮ ಪಕ್ಕದ ಮನೆಯವರ ಮಾತು ಕೇಳಿದ್ದರೆ ಇದೇ ಆಗುತ್ತಿತ್ತು.

ಇನ್ನೊಂದು, ಆರು ತಿಂಗಳು ಯಾರೂ ರೇಷನ್ ಎತ್ತದ ಕಾರ್ಡನ್ನು ತಡೆಹಿಡಿದು ಪರಿಶೀಲನೆ ಮಾಡುವ ನಿಯಮ 2025ರಲ್ಲಿ ಬಂದಿದೆ. ಇಡೀ ಮನೆಯವರು ಊರು ಬಿಟ್ಟು, ಕಾರ್ಡನ್ನು ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟು ಹೋಗೋರಿದ್ದಾರೆ. ಅವರು ಹೋದ ಕಡೆ ಎತ್ತುತ್ತಾ ಇರಬೇಕು.

ಸುಮ್ನೆ ಕೇಳ್ತೀನಿ

ಎರಡು ಕಡೆ ಎರಡು ಕಾರ್ಡ್ ಮಾಡಿಸಿಕೊಂಡರೆ ಇಷ್ಟೆಲ್ಲ ಲೆಕ್ಕ ಬೇಡ ಅಲ್ವಾ? ತಮಾಷೆಗೆ ಕೇಳಿದೆ, ಬೈಯಬೇಡಿ.

ಹಳೇ ತಕ್ಕಡಿ

ಬೈಯಲ್ಲ. ಆಧಾರ್ ಒಂದೇ ಇರುತ್ತದೆ, ಎರಡೂ ಕಡೆ ಸಿಕ್ಕಿಬೀಳುತ್ತದೆ. ಎರಡೂ ಹೋಗುತ್ತವೆ.

ಕೊಳ್ಳೇಗಾಲದಿಂದ ತಿರುಪ್ಪೂರಿಗೆ

ಅಕ್ಕ, ಒಂದು ಮುಖ್ಯ ವಿಷಯ. ನಿಮ್ಮ ಮನೆಯವರು ಗೌಂಡಿ ಅಂದಿರಿ. ಅವರ ಬೆರಳನ್ನು ನಂಬಿಕೊಳ್ಳಬೇಡಿ.

ನಮ್ಮ ಮಾವ ಸಿಮೆಂಟ್ ಕೆಲಸ ಮಾಡುತ್ತಾರೆ. ಕೈಯಲ್ಲಿ ಗೆರೆಯೇ ಇಲ್ಲ. ಮಷಿನ್ ಮೇಲೆ ಎಷ್ಟು ಒತ್ತಿದರೂ ಕೆಂಪು ದೀಪ. ಎರಡು ತಿಂಗಳು ಬರಿಗೈಲಿ ವಾಪಸ್ ಬಂದರು. ಆಮೇಲೆ ಅತ್ತೆ ಹೋಗಿ ಬೆರಳಿಟ್ಟರು, ಒಂದೇ ಸಲಕ್ಕೆ ಆಯಿತು. ಕಾರ್ಡಿನಲ್ಲಿರುವ ಯಾರ ಬೆರಳಾದರೂ ಆಗುತ್ತದೆ, ಹಾಗಾಗಿ ನೀವೇ ಹೋಗಿ.

ಅವರೇ ಹೋಗಬೇಕಾಗಿ ಬಂದರೆ ಹೆಬ್ಬೆರಳೇ ಅಂತ ಹಟ ಬೇಡ. ಆಧಾರ್‌ಗೆ ಹತ್ತೂ ಬೆರಳು ಕೊಟ್ಟಿರುತ್ತೇವೆ. ಉಂಗುರದ ಬೆರಳು, ಕಿರುಬೆರಳು ಕಡಿಮೆ ಸವೆದಿರುತ್ತವೆ. ಕೆಲಸ ಮುಗಿಸಿ ನೇರ ಹೋಗಬೇಡಿ, ಕೈ ಚೆನ್ನಾಗಿ ತೊಳೆದು ಒರೆಸಿಕೊಂಡು ಹೋಗಿ. ಕೆಲವು ಅಂಗಡಿಗಳಲ್ಲಿ ಕಣ್ಣಿನ ಮಷಿನ್ ಇರುತ್ತದೆ, ಕೇಳಿ ನೋಡಿ. ಏನೂ ಆಗದಿದ್ದರೆ ಆಧಾರ್ ಸೇವಾ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಬೇಕು. ರಜೆ ಹಾಕಿ ಒಂದೆರಡು ವಾರ ಸಿಮೆಂಟ್ ಮುಟ್ಟದೆ ಇದ್ದು ಹೋದರೆ ಗೆರೆ ಸ್ವಲ್ಪ ಕೂಡಿರುತ್ತದೆ. ಊರ ಜಾತ್ರೆಗೆ ಬಂದಾಗ ಮಾವ ಹಾಗೆ ಮಾಡಿಸಿದರು.

ಗಡಿಯ ಅಂಗನವಾಡಿ

ನಾನು ಬೆಳಗಾವಿ ಜಿಲ್ಲೆಯ ಗಡಿ ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ನಮ್ಮಲ್ಲಿ ಅರ್ಧ ಊರು ಕಬ್ಬು ಕಡಿಯಲು ಹೋಗಿ ಬರುತ್ತದೆ. ಮಕ್ಕಳ ವಿಷಯ ನಾನು ಹೇಳುತ್ತೇನೆ.

ಮೊದಲನೆಯದಾಗಿ, ಅಂಗನವಾಡಿಗೂ ರೇಷನ್ ಕಾರ್ಡಿಗೂ ಸಂಬಂಧವೇ ಇಲ್ಲ. ಬಿಪಿಎಲ್ ಎಪಿಎಲ್ ಅಂತ ಕೇಳುವ ಹಾಗಿಲ್ಲ, ಯಾವ ಊರಿನವರು ಅಂತಲೂ ತಕರಾರು ಮಾಡುವ ಹಾಗಿಲ್ಲ. ಆರು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಇದೆ. ಗರ್ಭಿಣಿಯರಿಗೂ, ಹೆರಿಗೆಯಾಗಿ ಆರು ತಿಂಗಳವರೆಗೆ ತಾಯಂದಿರಿಗೂ ಇದೆ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಒಯ್ಯುವ ಪೊಟ್ಟಣ. ಮೂರರಿಂದ ಆರು ವರ್ಷದವರಿಗೆ ಕೇಂದ್ರದಲ್ಲೇ ಬಿಸಿ ಊಟ. ಇದು ಇಡೀ ದೇಶಕ್ಕೆ ಒಂದೇ. ಪೊಟ್ಟಣದ ಒಳಗೆ ಏನಿದೆ ಅನ್ನೋದು ಮಾತ್ರ ರಾಜ್ಯಕ್ಕೊಂದು ಥರ. ಕೇರಳದಲ್ಲಿ ಕುಟುಂಬಶ್ರೀ ಹೆಂಗಸರು ಮಾಡುವ ಅಮೃತಂ ನ್ಯೂಟ್ರಿಮಿಕ್ಸ್, ತೆಲಂಗಾಣದಲ್ಲಿ ಬಾಲಾಮೃತಂ, ನಮ್ಮಲ್ಲಿ ಪುಷ್ಟಿ. ರುಚಿ ಬೇರೆ ಅಂತ ಮಗು ಮೊದಲ ವಾರ ಮುಖ ತಿರುಗಿಸಬಹುದು, ಗಾಬರಿಯಾಗಬೇಡಿ. ಕ್ಷೀರಭಾಗ್ಯದ ಹಾಲು ನಮ್ಮ ರಾಜ್ಯದ್ದು, ಅದನ್ನು ಅಲ್ಲಿ ನಿರೀಕ್ಷೆ ಮಾಡಬೇಡಿ.

ಈಗ ಹೊರಡುವ ಮೊದಲು ಏನು ಮಾಡಬೇಕು ಅಂದರೆ, ನಿಮ್ಮ ಟೀಚರ್ ಹತ್ತಿರ ಹೋಗಿ, ನಾವು ಪುಣೆಗೆ ಹೋಗುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಿ. ಇದನ್ನು ಯಾರೂ ಮಾಡಲ್ಲ! ಒಂದು ದಿನ ಮಗು ಬರಲ್ಲ, ಮನೆಗೆ ಬೀಗ, ನಾವು ಹುಡುಕಿಕೊಂಡು ಅಲೆಯುತ್ತೇವೆ. ಪೋಷಣ್ ಟ್ರ್ಯಾಕರ್ ಅಂತ ಆಪ್ ಇದೆ, 2021ರ ಮಾರ್ಚ್‌ನಿಂದ ಎಲ್ಲ ರಾಜ್ಯಗಳಲ್ಲೂ ಅದೇ. ಅದರಲ್ಲಿ ವಲಸೆ ಹೋದರು ಅಂತ ಗುರುತು ಮಾಡಿದರೆ ಅಲ್ಲಿನ ಟೀಚರ್ ನಿಮ್ಮ ದಾಖಲೆಯನ್ನು ತಮ್ಮ ಕೇಂದ್ರಕ್ಕೆ ಎಳೆದುಕೊಳ್ಳಬಹುದು. ಮಾಡದೆ ಹೋದರೆ, ಹೆಸರು ಈಗಾಗಲೇ ಬೇರೆ ಕಡೆ ಇದೆ ಅಂತ ತೋರಿಸಿ ಕೆಲಸ ನಿಲ್ಲುತ್ತದೆ.

ತಾಯಿ ಕಾರ್ಡ್ ಮರೆಯಬೇಡಿ. ಲಸಿಕೆ, ತೂಕ ಎಲ್ಲ ಅದರಲ್ಲಿದೆ. ಫೋಟೋ ತೆಗೆದು ಗಂಡನ ಫೋನಿನಲ್ಲೂ ಇಟ್ಟಿರಿ.

ಇನ್ನು ಸಿಮ್. ಅಲ್ಲಿ ಹೋದ ತಕ್ಷಣ ಎಲ್ಲರೂ ಹೊಸ ಸಿಮ್ ಹಾಕಿ ಹಳೆಯದನ್ನು ಎಸೆಯುತ್ತಾರೆ. ಆಧಾರ್‌ಗೆ ಜೋಡಿಸಿದ ನಂಬರ್ ಅದೇ ಆಗಿದ್ದರೆ ಓಟಿಪಿ ಬರಲ್ಲ. ಈಗ ಪೊಟ್ಟಣ ಕೊಡುವಾಗ ತಾಯಿಯ ಮುಖದ ಫೋಟೋ ತೆಗೆದು ಹೊಂದಿಸಬೇಕು, ಅದಕ್ಕೆ ಮೊದಲು ಕೆವೈಸಿ ಆಗಬೇಕು, ಅದಕ್ಕೆ ಓಟಿಪಿ ಬೇಕು. ಹಳೇ ಸಿಮ್‌ಗೆ ಕರೆನ್ಸಿ ಹಾಕಿ ಜೀವಂತ ಇಡಿ.

ಬೀದರ್ ಹುಡುಗಿ

ಟೀಚರ್ ಅಕ್ಕ, ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನಾನು ಹೈದರಾಬಾದ್‌ನಲ್ಲಿದ್ದೇನೆ, ಐದು ತಿಂಗಳ ಗರ್ಭಿಣಿ, ಮೊದಲನೆಯದು. ಏಳನೇ ತಿಂಗಳಿಗೆ ಬಾಣಂತನಕ್ಕೆ ತವರಿಗೆ ಬರುತ್ತೇನೆ. ಮಗುವಿಗೆ ಐದು ತಿಂಗಳಾದ ಮೇಲೆ ವಾಪಸ್. ನಾನು ಎಲ್ಲಿ ಹೆಸರು ಬರೆಸಬೇಕು? ಇಲ್ಲಿಯ ಆಂಟಿ ನೀವು ಹೇಗೂ ಹೋಗುತ್ತೀರಲ್ಲ, ಅಲ್ಲೇ ಬರೆಸಿ ಅನ್ನುತ್ತಾರೆ. ಅಮ್ಮನ ಊರಿನವರು ಇಲ್ಲಿಗೆ ಬಂದ ಮೇಲೆ ನೋಡೋಣ ಅನ್ನುತ್ತಾರೆ.

ಗಡಿಯ ಅಂಗನವಾಡಿ

ಕ್ಷಮೆ ಯಾಕಮ್ಮ. ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳದ್ದೂ ಇದೇ ಕಥೆ. ಮೂರು ತಿಂಗಳು ಇಲ್ಲಿ, ಎಂಟು ತಿಂಗಳು ಅಲ್ಲಿ. ಕಾಗದದಲ್ಲಿ ಮಾತ್ರ ಎಲ್ಲೂ ಇಲ್ಲ.

ಈಗಲೇ, ಹೈದರಾಬಾದ್‌ನಲ್ಲೇ ಬರೆಸು. ಕಾಯಬೇಡ. ಹೊಟ್ಟೆಯಲ್ಲಿರುವ ಮಗು ನೀನು ತವರಿಗೆ ಬರುವವರೆಗೆ ಬೆಳೆಯೋದನ್ನು ನಿಲ್ಲಿಸಿ ಕಾಯುತ್ತಾ? ತೆಲಂಗಾಣದಲ್ಲಿ ಆರೋಗ್ಯ ಲಕ್ಷ್ಮಿ ಅಂತ ಇದೆ. ಅಂಗನವಾಡಿಯಲ್ಲಿ ಒಂದು ಹೊತ್ತಿನ ಪೂರ್ತಿ ಊಟ, ಮೊಟ್ಟೆ, 200 ಮಿಲಿ ಹಾಲು. ತವರಿಗೆ ಬಂದಾಗ ಅಲ್ಲಿ ವಲಸೆ ಅಂತ ಹಾಕಿಸಿ ಬಾ. ಇಲ್ಲಿ ಮಾತೃಪೂರ್ಣದಲ್ಲಿ ಮಧ್ಯಾಹ್ನದ ಊಟ ಸಿಗುತ್ತದೆ, 2017ರಿಂದ ನಡೆಯುತ್ತಿದೆ. ವಾಪಸ್ ಹೋಗುವಾಗ ಇಬ್ಬರದ್ದೂ ಬದಲಾಯಿಸಿಕೊಂಡು ಹೋಗು.

ಮಾತೃವಂದನಾ ಅರ್ಜಿಯನ್ನೂ ಹಾಕು. ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತಿನಲ್ಲಿ. ಎರಡನೆಯದು ಹೆಣ್ಣಾದರೆ 6,000. ಕೇಂದ್ರದ ಯೋಜನೆ, ಎಲ್ಲಿಂದ ಹಾಕಿದರೂ ಒಂದೇ. ಹಣ ಆಧಾರ್ ಜೋಡಿಸಿದ ನಿನ್ನ ಖಾತೆಗೆ ಬರುತ್ತದೆ, ಗಂಡನ ಖಾತೆಗಲ್ಲ. ಎರಡನೇ ಕಂತಿಗೆ ಮಗುವಿನ ಜನನ ನೋಂದಣಿ, ಮೊದಲ ಸುತ್ತಿನ ಲಸಿಕೆ ಬೇಕು. ತವರಲ್ಲಿ ಹಾಕಿಸಿದ ಲಸಿಕೆಯನ್ನೂ ಅದೇ ಕಾರ್ಡಿನಲ್ಲಿ ಬರೆಸು, ಹೊಸ ಕಾರ್ಡ್ ಮಾಡಿಸಿಕೊಳ್ಳಬೇಡ.

ಲೆಕ್ಕದ ಮೇಷ್ಟ್ರು

ಎಲ್ಲರೂ ಕಾರ್ಡ್ ರದ್ದು ಮಾಡಬೇಡಿ ಅಂತ ಒಂದೇ ರಾಗ ಹಾಡುತ್ತಿದ್ದೀರಿ. ನಾನು ಒಪ್ಪಲ್ಲ. ನಾನು ಇಪ್ಪತ್ತು ವರ್ಷದಿಂದ ಸೊಲ್ಲಾಪುರದಲ್ಲಿದ್ದೇನೆ. ಊರಲ್ಲಿ ಮನೆಯೂ ಇಲ್ಲ. ಹಾಗಿದ್ದೂ ಕರ್ನಾಟಕದ ಕಾರ್ಡ್ ಹಿಡಿದುಕೊಂಡು ಕೂತರೆ, ಒಂದು ಹೆಸರು ಸೇರಿಸಬೇಕಾದರೂ ಊರಿಗೆ ಓಡಬೇಕು. ಮಗ ಹುಟ್ಟಿದ, ಸೊಸೆ ಬಂದಳು, ಪ್ರತಿ ಸಲವೂ ರಜೆ, ಬಸ್ ಚಾರ್ಜ್. ಮಹಾರಾಷ್ಟ್ರ ತನ್ನ ಕಾರ್ಡಿನವರಿಗೆ ಕೊಡುವ ಮೇಲಿನ ಸವಲತ್ತೂ ನಮಗೆ ಇಲ್ಲ. ಪೂರ್ತಿ ಬಂದು ನೆಲೆಸಿದವರು ಬದಲಾಯಿಸಿಕೊಳ್ಳೋದೇ ಸರಿ. ನಾನು ಹಾಗೇ ಮಾಡಿದೆ.

ವಾಸ್ಕೋದಲ್ಲಿರುವವ

ಮೇಷ್ಟ್ರೇ, ನಿಮ್ಮ ಹತ್ತಿರ ವಿಳಾಸದ ದಾಖಲೆ ಇತ್ತು. ನಮ್ಮ ಹತ್ತಿರ ಇರಲಿಲ್ಲ. ಅಷ್ಟೇ ವ್ಯತ್ಯಾಸ.

ಹಳೇ ತಕ್ಕಡಿ

ಇಬ್ಬರೂ ಸರಿ. ಮನೆಯವರೆಲ್ಲ ಶಾಶ್ವತವಾಗಿ ಹೋದರೆ ಮೇಷ್ಟ್ರ ದಾರಿ. ಒಬ್ಬರಾದರೂ ಊರಲ್ಲಿ ಉಳಿದರೆ, ಇಲ್ಲವೇ ಕೆಲಸ ಮುಗಿದ ಮೇಲೆ ವಾಪಸ್ ಬರುವುದಿದ್ದರೆ, ಕಾರ್ಡನ್ನು ಮುಟ್ಟಬಾರದು. ಬದಲಾಯಿಸುವುದಿದ್ದರೂ ಅಲ್ಲಿ ದಾಖಲೆ ಎಲ್ಲ ಕೈಗೆ ಬಂದ ಮೇಲೆ ಇಲ್ಲಿ ಹೆಸರು ತೆಗೆಸಿ. ಕೇಂದ್ರದ ಪಟ್ಟಿಯಲ್ಲಿ ಪ್ರತಿ ರಾಜ್ಯಕ್ಕೂ ಇಷ್ಟೇ ಜನ ಅಂತ ಮಿತಿ ಇದೆ. ಅಲ್ಲಿ ಜಾಗ ಖಾಲಿ ಇಲ್ಲ ಅಂದರೆ ಅರ್ಹತೆ ಇದ್ದರೂ ಕಾಯಬೇಕು.

ಭೀಮಾತೀರ ತಾಯಿ, ನಿಮಗೆ ಉಳಿದಿರೋದು ಒಂದೇ ಕೆಲಸ. ಮಗಳ ಹೆಸರು. ಅದನ್ನು ಪುಣೆಯಿಂದ ಸೇರಿಸೋಕೆ ಆಗಲ್ಲ, ಕಾರ್ಡ್ ಕೊಟ್ಟ ರಾಜ್ಯವೇ ಸೇರಿಸಬೇಕು. ಜನನ ಪ್ರಮಾಣಪತ್ರ ತಗೊಂಡು ಮೊದಲು ಬಾಲ ಆಧಾರ್ ಮಾಡಿಸಿ. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚು ಬೇಡ, ತಂದೆ ಇಲ್ಲವೇ ತಾಯಿಯ ಆಧಾರ್ ಮೇಲೆ ಆಗುತ್ತದೆ. ಆಮೇಲೆ ಗ್ರಾಮ ಒನ್‌ನಲ್ಲಿ ಅರ್ಜಿ. ತಿದ್ದುಪಡಿಯ ಸಾಫ್ಟ್‌ವೇರ್ ವರ್ಷವಿಡೀ ತೆರೆದಿರಲ್ಲ, ಇವತ್ತೇ ಹೋಗಿ ವಿಚಾರಿಸಿ. ತಿಂಗಳಿಗೆ 5 ಕೆಜಿ ಅಂದರೆ ಎರಡು ವರ್ಷಕ್ಕೆ 120 ಕೆಜಿ, ಚಿಕ್ಕದಲ್ಲ. ದೊಡ್ಡವರ ಇ-ಕೆವೈಸಿ ಬಾಕಿ ಇದ್ದರೆ ಅದನ್ನೂ ಮುಗಿಸಿ.

ಒಬ್ಬ ಶಿಕ್ಷಕಿ

ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಒಂದು ಮಾತು. ಟಿಸಿ ತಂದಿಲ್ಲ ಅಂತ ಒಂದರಿಂದ ಎಂಟನೇ ತರಗತಿವರೆಗೆ ಸರ್ಕಾರಿ ಶಾಲೆಯವರು ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಸೇರಿದ ದಿನದಿಂದ ಮಧ್ಯಾಹ್ನದ ಊಟವೂ ಇದೆ.

ಭೀಮಾತೀರ

ಎರಡು ತಿಂಗಳಾಯಿತು. ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ ಅಂತ ಬರೆಯುತ್ತಿದ್ದೇನೆ.

ಮಗಳ ಬಾಲ ಆಧಾರ್ ಆಯಿತು. ಕಾರ್ಡಿಗೆ ಸೇರಿಸೋಕೆ ಹೋದಾಗ ಸಾಫ್ಟ್‌ವೇರ್ ಮುಚ್ಚಿತ್ತು. ಕಾಗದ ಎಲ್ಲ ಅತ್ತೆಯ ಕೈಗೆ ಕೊಟ್ಟು ಬಂದಿದ್ದೇನೆ, ತೆರೆದ ದಿನ ಹೋಗುತ್ತಾರೆ. ಗ್ರಾಮ ಒನ್ ಹುಡುಗ ಫೋನ್ ಮಾಡುತ್ತೇನೆ ಅಂದಿದ್ದಾನೆ, ನೋಡೋಣ.

ಇಲ್ಲಿ ಮೊದಲ ಅಂಗಡಿಯಲ್ಲಿ ಇಲ್ಲ ಅಂದರು. ಎರಡನೆಯ ಕಡೆ ತಿರುಪ್ಪೂರಿನ ತಮ್ಮ ಹೇಳಿಕೊಟ್ಟ ಮರಾಠಿ ಮಾತು ಹೇಳಿದೆ. ಅಂಗಡಿಯ ಅಜ್ಜ ನಕ್ಕು, ನನಗೆ ಕನ್ನಡ ಬರುತ್ತದೆ, ನಮ್ಮ ಅವ್ವ ಜತ್ ಕಡೆಯವಳು ಅಂದರು! ಮನೆಯವರ ಬೆರಳು ಐದು ಸಲವೂ ಹಿಡಿಯಲಿಲ್ಲ. ನನ್ನದು ಒಂದೇ ಸಲಕ್ಕೆ. 15 ಕೆಜಿ ತಗೊಂಡೆ. ಅತ್ತೆಗೆ ಊರಲ್ಲಿ 5 ಕೆಜಿ ಸಿಕ್ಕಿದೆ. ಮೊದಲ ತಿಂಗಳು ಅವರು ಮಷಿನ್ ಹತ್ತಿರ ನಿಂತೇ ನನಗೆ ಫೋನ್ ಮಾಡಿ, ಇವನು ಹೇಳೋದು ಖರೇನಾ ಅಂತ ಕೇಳಿದರು.

ಅಂಗನವಾಡಿ ಸೈಟಿನಿಂದ ದೂರ ಇದೆ. ಮಗಳ ಪೊಟ್ಟಣ ತರುತ್ತಿದ್ದೇನೆ. ಊರಿನ ಟೀಚರ್ ವಲಸೆ ಅಂತ ಹಾಕಿದ್ದರು, ಇಲ್ಲಿ ಅರ್ಧ ಗಂಟೆಯಲ್ಲಿ ಮುಗಿಯಿತು. ಮಗನನ್ನು ದಿನಾ ಕಳಿಸೋದೇ ಕಷ್ಟ, ದೊಡ್ಡ ರಸ್ತೆ ದಾಟಬೇಕು. ನಮ್ಮ ಸೈಟಿನಲ್ಲೇ ಸಣ್ಣ ಮಕ್ಕಳು ಬಹಳ ಇದ್ದಾರೆ.

ಗಡಿಯ ಅಂಗನವಾಡಿ

ಮಕ್ಕಳನ್ನು ಎಣಿಸು ತಂಗಿ. ಆರು ವರ್ಷದೊಳಗಿನವರು ನಲವತ್ತು ಜನ ಇದ್ದು ಅಲ್ಲಿ ಅಂಗನವಾಡಿ ಇಲ್ಲದಿದ್ದರೆ, ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಹೆಸರು, ವಯಸ್ಸು ಬರೆದು ಎಲ್ಲ ತಾಯಂದಿರ ಸಹಿ ಹಾಕಿಸಿ ಅಲ್ಲಿನ ಮೇಲ್ವಿಚಾರಕಿಗೆ ಕೊಡು. ಒಂದು ಪ್ರತಿ ನಿನ್ನ ಹತ್ತಿರ ಇರಲಿ, ಅದರ ಮೇಲೆ ತಲುಪಿದೆ ಅಂತ ಸಹಿ ಹಾಕಿಸಿಕೋ.

ಭೀಮಾತೀರ

ನಿನ್ನೆ ಎಣಿಸಿದೆ ಅಕ್ಕ. ಮೂವತ್ತೇಳು ಆಯಿತು. ಹಿಂದಿನ ಶೆಡ್ಡಿನ ಒಡಿಶಾದವರ ಮನೆಗಳನ್ನು ಇನ್ನೂ ನೋಡಿಲ್ಲ, ಭಾನುವಾರ ಹೋಗುತ್ತೇನೆ.

ಒಂದೇ ತೊಂದರೆ. ಗೋಧಿ ಹಾಗೇ ಉಳಿಯುತ್ತಿದೆ. ನಮ್ಮವರು ಚಪಾತಿ ನೋಡಿದರೆ ಜ್ವರ ಬಂದವರ ಊಟ ಅನ್ನುತ್ತಾರೆ. ಪಕ್ಕದ ಕಿರಾಣಿಯವರು ಕೊಡಿ, ಕೆಜಿಗೆ ಇಷ್ಟು ಕೊಡುತ್ತೇನೆ ಅಂತ ಕೇಳುತ್ತಿದ್ದಾರೆ.

ಹಳೇ ತಕ್ಕಡಿ

ಮಾರಬೇಡಿ ತಾಯಿ. ರೇಷನ್ ಧಾನ್ಯ ಮಾರೋದು ಅಪರಾಧ, ಕಾರ್ಡಿಗೇ ಕುತ್ತು ಬರುತ್ತದೆ. ಗೋಧಿ ಕುಟ್ಟಿಸಿ ಬೆಲ್ಲ ಹಾಕಿ ಹುಗ್ಗಿ ಮಾಡಿ. ಯಾವ ಗೌಂಡಿ ಬೇಡ ಅನ್ನುತ್ತಾನೋ ನೋಡೋಣ.